ಆಕಿ ಏನಂದಳು?

ಸ್ಟೇಷನ್ ಹಿಂದಿನ ಕ್ವಾರ್ಟರ್ಸಿನ ಆರನೇ ನಂಬರ್ ಮನೆಗೆ
ಕೇಬಲ್ಲಿನ ಗೌಸ್ ಬೇವಿನಮರದ ಮೇಲಿಂದ ವೈರು ಎಳೆದುಕೊಟ್ಟ ವರ್ಷ
ಯಾದಗಿರಿಗೆ ರಾತ್ರಿ ಹತ್ತಕ್ಕೆ ಆಸ್ಟ್ರೇಲಿಯಾ ಬರುತ್ತಿತ್ತು.
ಬರುತ್ತಿತ್ತು ಅಂದರೆ, ಕರೆಂಟ್ ಇದ್ದರೆ.

ಎಷ್ಟು ನೀರು! ಬಂದರಿನ ತುಂಬ ನೀರು.
ನಮ್ಮ ಕಪ್ಪುಬಿಳುಪಿನ ಡಬ್ಬಿಯಲ್ಲಿ ಅದೂ ಬೂದಿ ಬಣ್ಣದ್ದೇ,
ಅಪ್ಪ ಮಾತ್ರ "ಹ್ಯಾಂಗ ನೀಲಿ ಅದಾ ನೋಡವ್ವಿ" ಅನ್ನುತ್ತಿದ್ದ.
ನೀರು ಸೀಳುವ ಪೊಲೀಸ್ ಲಾಂಚು, ಅದರ ತುದಿಗೆ ನಿಂತ ಆಕೆ.
ಹೆಡ್ ಕಾನ್‌ಸ್ಟೇಬಲ್ ದೇವೀಂದ್ರಪ್ಪ ಬನಿಯನ್ನಿನಲ್ಲೇ ತಪಾಸಣೆಗೆ ಕೂಡುತ್ತಿದ್ದ:
"ಆಕಿ ತಲಿಗಿ ಟೋಪಿ ಇಲ್ಲ. ಕೈಯಾಗ ಲಾಠಿ ಇಲ್ಲ.
ಪಂಚನಾಮಿ ಯಾರು ಬರೀತಾರ ಮತ್ತ?"

ನಾನು ಎಂಟನೇತ್ತೆ. ಇಂಗ್ಲಿಷಿನಲ್ಲಿ ಮೂವತ್ತೇಳು ಮಾರ್ಕು.
ಅಷ್ಟಾದರೂ ಮನೆಯಲ್ಲಿ ಬೇರೆ ಯಾರಿಗಿತ್ತು?
"ಆಕಿ ಏನಂದಳು?"
ಆ ಮಂದಿ ಮಾತಾಡುವುದೋ
ಬಿಸಿ ಬದನೆಕಾಯಿ ಬಾಯಲ್ಲಿಟ್ಟುಕೊಂಡ ಹಾಗೆ.
"ಕಳ್ಳ ಆ ದೊಡ್ಡ ಹಡಗಿನಾಗ ಅದಾನ ಅಂದಳಪ್ಪ."
ಹಡಗಿನಲ್ಲಿ ಕಳ್ಳ ಸಿಗದಿದ್ದರೆ
"ಓಡಿಹೋದ ಅಂದಳು."
ತೊಗರಿಬೇಳೆ ಹಸನು ಮಾಡುತ್ತ ಅವ್ವ ಮರದೊಳಗೇ ನಗುತ್ತಿದ್ದಳು.

ಅಪ್ಪನ ಬಂದರು ಭೀಮಾ.
ಲಾಂಚು, ಸಾಬಣ್ಣನ ಪುಟ್ಟಿ. ತಳಕ್ಕೆ ಡಾಂಬರು, ಒಂದೇ ಹುಟ್ಟು,
ಬಾಡಿಗೆ ಬರೆಯಲಿಕ್ಕೆ ಸರಕಾರದ ಪುಸ್ತಕದಲ್ಲಿ ಕಾಲಮ್ಮಿಲ್ಲ.
ಮೇಲಿನವರು ನೀರು ಬಿಟ್ಟರೆ ಹೊಳೆ ತರುತ್ತಿತ್ತು
ಜಾಲಿಮುಳ್ಳು, ಚಪ್ಪಲಿ, ಉಬ್ಬಿದ ಎಮ್ಮೆ,
ಒಮ್ಮೊಮ್ಮೆ ಮನುಷ್ಯರನ್ನು.
ಹೊಳೆಯ ನಡುವೆ ಒಂದು ಗೆರೆ, ನೀರಿಗೆ ಕಾಣದ್ದು.
ಈ ದಂಡೆ ನಮ್ಮ ಠಾಣೆ, ಆ ದಂಡೆ ಅವರದು.
ಪುಟ್ಟಿಯಲ್ಲಿ ಸದಾ ಉದ್ದನೆಯ ಒಂದು ಬಿದಿರುಗಳ.
ಯಾಕಪ್ಪ ಅಂದರೆ
"ಆಳ ನೋಡ್ಲಿಕ್ಕ" ಅಂದಿದ್ದ.

ಒಂದು ರಾತ್ರಿ ಲಾಂಚಿನವರು ಬಂದರಿನಿಂದ ಯಾರನ್ನೋ ಎತ್ತುತ್ತಿದ್ದರು.
ಅಪ್ಪ ತಾಟು ಕೆಳಗಿಟ್ಟ.
"ಎರಡು ಠಾಣೆ ಹದ್ದಿನ ನಡುವ ಹೆಣ ಬಂದ್ರ
ಅಲ್ಲಿ ಏನ್ ಮಾಡ್ತಾರ?"
ಅಷ್ಟರಲ್ಲಿ ಆಕೆ ಒದ್ದೆ ಕೂದಲು ಹಿಂದಕ್ಕೆ ತಳ್ಳಿ ಏನೋ ಅಂದಳು.
ಸಣ್ಣ ಮಾತು.
"ಆಕಿ ಏನಂದಳು?"
ನನಗೇನು ಗೊತ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ.
"ಮೊದ್ಲು ಮ್ಯಾಲ ತೆಗೀರಿ,
ಹದ್ದು ಯಾರದು ಅಂಬೋದು ಆಮ್ಯಾಲ ನೋಡಮು, ಅಂದಳಪ್ಪ."
ಕರೆಂಟ್ ಹೋಯಿತು.
ಕತ್ತಲಲ್ಲಿ ಅಪ್ಪ ಬಹಳ ಹೊತ್ತು ಬೀಡಿ ಹಚ್ಚಲಿಲ್ಲ.
"ಎರಡ್ ಸಲ" ಅಂದ, ಒಮ್ಮೆ, ಗೋಡೆಗೆ.
ಏನು ಎರಡು ಸಲ ಎಂದು ಯಾರೂ ಕೇಳಲಿಲ್ಲ.

ಮುಂದಿನ ಶ್ರಾವಣಕ್ಕೆ ಬಂದಾಕೆಗೆ ಹಸಿರು ಬಳೆ, ಒಂದೇ ಕಾಲುಂಗುರ.
ಸಾಬಣ್ಣ ರೂಢಿಯಂತೆ ಗಳ ಎತ್ತಿಕೊಟ್ಟನಂತೆ.
ಅಪ್ಪ ಗಳವನ್ನು ಹೊಳೆಗೆ ಬಿಟ್ಟು ತಾನೇ ಇಳಿದನಂತೆ,
ಖಾಕಿ ಪ್ಯಾಂಟಿನಲ್ಲೇ, ಎದೆಮಟ.
"ಹರಿದು ಹೋಗೋ ತಾಪತ್ರಯಕ್ಕ ಮನಿಗಿ ಕರದ್ಯಲ್ಲೋ" ಎಂದು ಸಾಹೇಬರು ಬೈದರು.
ಪೇಪರಿನಲ್ಲಿ ಎರಡು ಸಾಲು: ಅಪರಿಚಿತ ಮಹಿಳೆ, ಗೋಧಿ ಮೈಬಣ್ಣ.
ಯಾರೂ ಬರಲಿಲ್ಲ.
ಟಿವಿಯಲ್ಲಿ ಮುಕ್ಕಾಲು ತಾಸಿಗೆ ಮುಗಿಯುವುದು ಇಲ್ಲಿ ಮುಗಿಯಲೇ ಇಲ್ಲ.
ಟ್ರಂಕಿನಲ್ಲಿ ಅವ್ವನದೊಂದು ಸೀರೆ ಕಡಿಮೆಯಾಯಿತು.
ಅವ್ವ ಉಳಿದವನ್ನು ಮತ್ತೆ ಮಡಿಚಿಟ್ಟಳು.

ಮೊನ್ನೆ ಫೋನಿನಲ್ಲಿ ಅದೇ ಕಂತು ಸಿಕ್ಕಿತು.
ಬಣ್ಣದಲ್ಲಿ. ಖರೇನೇ ನೀಲಿ.
ನಾನೀಗ ಸುರಪುರದ ಶಾಲೆಯಲ್ಲಿ ಇಂಗ್ಲಿಷ್ ಟೀಚರ್,
ಬದನೆಕಾಯಿ ದಾಟಿ ಪ್ರತಿ ಅಕ್ಷರ ತಿಳಿಯುತ್ತದೆ.
ಒದ್ದೆ ಕೂದಲು ಹಿಂದಕ್ಕೆ ತಳ್ಳಿ ಆಕೆ ಕೇಳಿದ್ದು:
ನನ್ನ ಚಹಾ ಕುಡಿದವರು ಯಾರು?

ಪಕ್ಕದಲ್ಲಿದ್ದ ಅಪ್ಪ ಕನ್ನಡಕ ಏರಿಸಿ ಬಗ್ಗಿದ.
"ಈಗ ಹೇಳು. ಆಕಿ ಏನಂದಳು?"
"ಆವಾಗ ಹೇಳಿದ್ದೇ, ಅಪ್ಪ."
ತಲೆಯಾಡಿಸಿದ. ಬೆರಳಿನಿಂದ ಗಾಜು ಒರೆಸಿ, ಇನ್ನಷ್ಟು ಹತ್ತಿರ ಹಿಡಿದು,
"ಟೋಪಿ ಹಾಕ್ಕೊಂಡಿಲ್ಲ ನೋಡು
ಇನ್ನಾ ಆಕಿ" ಅಂದ.