ಹತ್ತೊಂಬತ್ತು ಸೆಕೆಂಡು

ರಾಜಾಜಿನಗರ, ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಗೋಡೆಯ ತುಂಬ ಕಪ್ಪು ಸ್ಪಂಜು.
ಇಲ್ಲಿ ಕೂತು ವಾರಕ್ಕೆ ಆರು ಸಂಚಿಕೆಗೆ
ಬಾಗಿಲ ಕಿರ್ರು, ಬಳೆಯ ಸದ್ದು,
ಅತ್ತೆ ತಿರುಗಿ ನೋಡಿದರೆ ಮೂರು ಸಲ ಗುಡುಗು
ಅಂಟಿಸುವವಳು ನಾನು.

ಇದು ಅಂಥ ಧಾರಾವಾಹಿ ಅಲ್ಲ, ಅಂದರು ನಿರ್ದೇಶಕರು.
ಇಸವಿ ಎಂಬತ್ತಾರು, ಕಂಟೋನ್ಮೆಂಟಿನ ಮನೆ, ಬೆಲ್‌ಬಾಟಮ್ಮು.
(ಅದು ಆಗಲೇ ಹಳೇದಾಗಿತ್ತು ಸಾರ್, ಅಂದಳು ಬಟ್ಟೆಯ ಹುಡುಗಿ.
ಯಾರೂ ಕೇಳಲಿಲ್ಲ.)
ರಾಕ್ ಬೇಕು, ಪಾಪ್ ಬೇಕು, ಗಿಟಾರು ಗೋಳಾಡಬೇಕು.
ಮುಂಬೈಗೆ ಫೋನು ಹೋಯಿತು. ಬೆಲೆ ಬಂತು:
ಹೆಸರಾದ ಹಾಡೊಂದರ ಅರ್ಧ ನಿಮಿಷಕ್ಕೆ
ನಮ್ಮ ನಾಯಕಿಯ ಒಂದು ವರ್ಷದ ಸಂಬಳ.
ಎಲ್ಲರೂ ಕಾಫಿ ಕುಡಿದರು.
ಆಮೇಲೆ ನನ್ನ ಕಡೆ ತಿರುಗಿ,
'ನಮ್ಮೂರಲ್ಲೇ ಯಾರೂ ಹಾಡಿರಲಿಲ್ಲವೇನಮ್ಮ?'

ಹಾಡಿದ್ದರು.

ಲಿಂಗರಾಜಪುರದ ಓಣಿ, ಹಸಿರು ಗೇಟು, ಸೆಲಿನ್ ಮಿಸ್ಸು.
ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಹೇಳಿದವರು.
ಟ್ರಂಕಿನಿಂದ ತಮ್ಮನ ಕ್ಯಾಸೆಟ್ಟು ತೆಗೆದು
ಸೆರಗಿನಿಂದ ಬೂಷ್ಟು ಒರೆಸಿ ಕೊಟ್ಟರು.
ಆಲ್ಫನ್ಸ್ ಧೈರ್ಯನಾಥನ್, ಹಾಡು ಮತ್ತು ಗಿಟಾರು.
ಡ್ರಮ್ಮಿಗೆ ಇಬ್ಬರು ಗೆಳೆಯರು, ಒಂದು ಬಿಸ್ಕತ್ತಿನ ಡಬ್ಬ.
ಕೋಳಿಗೂಡಿನ ಪಕ್ಕದ ಶೆಡ್ಡಿನಲ್ಲಿ ರೆಕಾರ್ಡು,
ಎರಡನೇ ಚರಣದಲ್ಲಿ ಹುಂಜವೊಂದು ಸರಿಯಾದ ತಾಳಕ್ಕೆ ಕೂಗುತ್ತದೆ.
ಹಾಡು ಇಂಗ್ಲಿಷು.
ಆದರೆ ಚಂದ್ರನ ಹೆಸರು ಹೇಳುವಾಗ
ನಾಲಿಗೆ ಆ ಓಣಿಯದ್ದೇ.

ದುಡ್ಡು ಬೇಡ ಅಂದರು ಮಿಸ್ಸು. ಸಹಿ ಹಾಕಿದರು.
'ಒಂದೇ ಮಾತು. ಸಾವಿನ ದೃಶ್ಯಕ್ಕೆ ಹಾಕಬೇಡಿ.
ಅವನಿಗೆ ಶವದ ಮನೆ ಅಂದರೆ ಬೇಜಾರು,
ತನ್ನದಕ್ಕೂ ಸರಿಯಾಗಿ ನಿಲ್ಲಲಿಲ್ಲ, ಬೇಗ ಹೊರಟುಬಿಟ್ಟ.'
ನಕ್ಕರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತ:
'ಲೋಪಸಂಧಿ ಕಲಿತಿದ್ದೀಯಲ್ಲ?
ಎರಡು ಸೇರಬೇಕಾದರೆ ಒಂದು ಸ್ವರ ಹೋಗಬೇಕು.
ಯಾವುದನ್ನು ಬಿಡುತ್ತೀಯ, ನೋಡಿಕೋ.'

ನಲವತ್ತೊಂದನೇ ಸಂಚಿಕೆ. ಮಾವ ಮೆಟ್ಟಿಲಿಂದ ಬೀಳುತ್ತಾನೆ.
ನಿರ್ದೇಶಕರಿಗೆ ಹಾಡು ಅಲ್ಲಿಯೇ ಬೇಕು,
ಬೀಳುವ ಮೈಯ ಮೇಲೆ, ಸ್ಲೋ ಮೋಷನ್ನಿನಲ್ಲಿ.

ರಾತ್ರಿ ಎರಡು. ಯುಪಿಎಸ್ಸು ಪೀಂ ಪೀಂ ಅನ್ನುತ್ತಿದೆ.
ಹಾಡನ್ನು ನಾನು ಹಿಂದಕ್ಕೆ ಎಳೆದೆ.
ಈಗ ಸೊಸೆ ಮೊರದ ತುಂಬ ಅವರೆಕಾಯಿ ಸುಲಿಯುತ್ತಾಳೆ,
ಪಕ್ಕದ ಮನೆಯ ಕಿಟಕಿಯಿಂದ ಆಲ್ಫನ್ಸ್ ಹಾಡುತ್ತಾನೆ,
ಹತ್ತೊಂಬತ್ತು ಸೆಕೆಂಡು, ಒಂದೊಂದು ಕಾಳೂ ಮೊರಕ್ಕೆ ಬಿದ್ದು,
ಯಾರೋ ರೇಡಿಯೋ ಆರಿಸುತ್ತಾರೆ.
ಆಮೇಲೆ ಮಾವ ಬೀಳುತ್ತಾನೆ,
ಸದ್ದೇ ಇಲ್ಲದೆ.

ಆ ಮೌನ ತಮ್ಮದೇ ಯೋಚನೆ ಅಂತ
ಬೆಳಿಗ್ಗೆ ಚಾನೆಲ್ಲಿನವರಿಗೆ ಹೇಳಿದರು ನಿರ್ದೇಶಕರು.
ಇರಲಿ.

ಇನ್ನೊಂದನ್ನು ಯಾರಿಗೂ ಹೇಳಲಿಲ್ಲ ನಾನು.
ಹಾಡು ಶುರುವಾಗುವ ಮೊದಲು ಟೇಪಿನಲ್ಲಿ ಒಂದು ಕೆಮ್ಮು ಇದೆ.
ಚಿಕ್ಕದು. ಗಂಟಲು ಸರಿಮಾಡಿಕೊಂಡು, ಸ್ವಲ್ಪ ನಾಚಿ,
ಒನ್, ಟೂ ಅನ್ನುವ ಮುಂಚೆ.
ಯಂತ್ರ ಅದನ್ನು ಕೆಂಪು ಗುರುತು ಹಾಕಿ ತೋರಿಸಿತು, ಕೊಳೆ ಅಂತ.
ಬಿಟ್ಟೆ. ಅಂದರೆ,
ಇರಗೊಟ್ಟೆ.

ಒಂಬತ್ತು ಗಂಟೆ ಮೂವತ್ತೊಂದು ನಿಮಿಷಕ್ಕೆ ಮಿಸ್ಸಿನ ಫೋನು.
ಹಿಂದೆ ಸೋಪಿನ ಜಾಹೀರಾತು ಜೋರಾಗಿ.
ತುಂಬ ಹೊತ್ತು ಅದನ್ನೇ ಕೇಳಿಸಿದರು.
'ಕೆಮ್ಮಿದ' ಅಂದರು.
ಹೂಂ ಮಿಸ್.
'ಅಮ್ಮ ಬೈತಿದ್ದಳು. ಸ್ವೆಟರ್ ಹಾಕೊಳ್ಳೋ, ಅಂತ.'

ಮತ್ತೆ ಸೋಪು. ಮತ್ತೆ ಬಿಳುಪು.
ಆಮೇಲೆ ತರಗತಿಯ ದನಿ:
'ಹೆಸರು ತಪ್ಪು ಹಾಕಿದ್ದೀರಿ ಕೊನೆಯ ಪಟ್ಟಿಯಲ್ಲಿ.
ದೈರ್ಯನಾಥನ್ ಅಂತಿದೆ.
ದಕಾರದ ಹೊಟ್ಟೆ ಸೀಳಿಲ್ಲ.
ಮಹಾಪ್ರಾಣ ಬಿಟ್ಟುಹೋಗಿದೆ, ಮಗು.
ಹಾಕಿಬಿಡು.'