ತಪ್ಪು, ಒಪ್ಪು

ಗದಗಿನ ಟೇಶನ್ ರೋಡಿನ ಪ್ರೆಸ್ಸಿನ್ಯಾಗ
ಹತ್ತೊಂಬತ್ತು ವರ್ಷ ಮೊಳಿ ಜೋಡಿಸಿದಾಕಿ ನಾನು.
ಲಗ್ನಪತ್ರಿಕೆ, ಅಡತಿ ಅಂಗಡಿ ಪಾವತಿ ಪುಸ್ತಕ, ಶ್ರದ್ಧಾಂಜಲಿ,
ಎಂದರ ಒಮ್ಮೆ ಕಾಲೇಜಿನವರ ಹಳಗನ್ನಡ ಕಾವ್ಯ.

ಸೀಸದಾಗ ಅಕ್ಷರ ಎಲ್ಲಾ ತಿರುವು ಇರತಾವು,
ತಲಿಕೆಳಗ ಮಾಡಿ ಓದಬೇಕು.
ಬೆಟಗೇರಿ ಮಗ್ಗದ ಮನಿ ಹುಡುಗಿ,
ಸೆರಗಿನ ಹಿಂಬದಿ ನೋಡಕೋತ ಬೆಳದಾಕಿ,
ನನಗದು ಕಷ್ಟ ಆಗಲಿಲ್ಲ.

ಆ ಕಾವ್ಯದಾಗ ಒಬ್ಬಾಕಿ ರಾಣಿ.
ಎರಡನೇ ಆಶ್ವಾಸದಾಗ ಒಂದಽ ಸಲ ಹೆಸರು ಬಂತು.
ಆಮ್ಯಾಲ ಬರೇ ಕಮಲಮುಖಿ, ಮೃಗಲೋಚನೆ, ಮಂದಗಮನೆ.
'ಮ' ಅನ್ನೂ ಖಾನೆ ಬರಿದಾಗಿ
ಬಾಜೂ ಪ್ರೆಸ್ಸಿನಿಂದ ಕಡಾ ತಂದ್ವಿ.

ನಿದ್ದಿಯೊಳಗ ನಕ್ಕಳಂತ ಆಕಿ.
ಅರಸ ಎದ್ದು ಕೂತು ಕೇಳಿದನಂತ: ಯಾರಿಗೆ ನಕ್ಕೆ?
ಇಷ್ಟಽ.
ಹದಿನಾಲ್ಕು ಪದ್ಯ ಅವನ ಸಂಶಯಕ್ಕ,
ಒಂಬತ್ತು ಆಕಿ ಎದಿಗೆ, ನಡುವಿಗೆ,
ಆಕಿ ಉತ್ತರಕ್ಕ ಅರ್ಧ ಸಾಲು.
ಅದರಾಗ 'ಎಂದಳ್' ತಗದರ
ಉಳಿಯೂದು ಎರಡಽ ಶಬ್ದ.

ನಾನು ಎಚ್ಚರಿದ್ದಾಗ ನಕ್ಕಾಕಿ.
ಮಶೀನಿನ ದಸ್ತಗೀರ ಬಾಯಿಬಿಟ್ಟು ಏನೂ ಅಂದವನಲ್ಲ.
ಮಾಗಿ ಮುಂಜಾನೆ ಶಾಯಿ ಡಬ್ಬಿ ದೀಪಕ್ಕ ಹಿಡದು ಕಾಸತಿದ್ದ,
ನನ್ನ ಬೆರಳು ಸೆಟೆದಾವು ಅಂತ ತನ್ನ ಚಾದ ಕಪ್ಪು
ನನ್ನ ಖಾನೆಗಳ ನಡುವ ಇಟ್ಟು ಹೋಗತಿದ್ದ.
ಒಂದು ದಿನ ನನ್ನ ಸ್ಟಿಕ್ಕಿನ್ಯಾಗ ನಾಕು ಮೊಳಿ:
ನೀ, ಲ, ಗಂ, ಗಾ.
ಹಿಂದ ಅವ್ವ ಇಲ್ಲ, ಮುಂದ ಇಂಥವನ ಹೆಂಡತಿ ಅಂತಿಲ್ಲ,
ಲಗ್ನಪತ್ರಿಕೆ ಬಿಟ್ಟರ ನನ್ನ ಹೆಸರು ಸೀಸದಾಗ ಕಂಡದ್ದು
ಅವತ್ತಽ.

ಶನಿವಾರ ಬಟವಡೆ. ಗಂಡ ಬಾಗಿಲಿಗೆ ಬಂದು ನಿಂದರತಿದ್ದ,
ಪಗಾರ ನನ್ನ ಕೈ ಮುಟ್ಟೂದರಾಗ ಅವನ ಕಿಸೆ ಸೇರತಿತ್ತು.
ಆ ಶನಿವಾರ ಒಳಗ ಬಂದ, ಸ್ಟಿಕ್ಕು ನೋಡಿದ.
ನಾಕನೇ ಇಯತ್ತೆ ಕಲ್ತಾಂವ,
ತಿರುವು ಅಕ್ಷರ ಓದಾಕ ಬರಲಿಲ್ಲ.
ನನ್ನ ಮಾರಿ ಓದಾಕ ಬಂತು.
ಮನಿ ಮುಟ್ಟಿದ ಮ್ಯಾಲ ಕದಾ ಹಾಕಿ ಕೇಳಿದ:
ಯಾರಿಗೆ ನಕ್ಕೆ?

ಎಡಗೈ ಕಿರಿಬೆರಳು ಅಂದಿನಿಂದ ಬಾಗೂದಿಲ್ಲ.
ಸ್ಟಿಕ್ಕು ಹಿಡಿಯಾಕ ಅದು ಬೇಕಿರಲಿಲ್ಲ, ಪುಣ್ಯ.

ಸೋಮವಾರ ಕಾವ್ಯದ ಕಡೀ ಫಾರ್ಮು.
ಕಡೀ ಪದ್ಯದ ಕಡೀ ಶಬ್ದ: ಬಿಟ್ಟಂ.
ಬೆರಳು ಸೊನ್ನಿ ಖಾನೆಗೆ ಹೋಗಬೇಕಾದದ್ದು
ಬಾಜೂಕ ಹೋತು.
ಬಿಟ್ಟಳ್.
ಪ್ರೂಫಿನ ಗಲಗಲಿ ಮಾಸ್ತರು ಬೆರಳಿನ ಗಣಿಕಿ ಮ್ಯಾಲ ಎಣಿಸಿದರು,
ಗುರು, ಗುರು.
ಛಂದಸ್ಸು ಸರಿ ಐತಿ, ಅಂದರು.
ಚಾಳೀಸು ತಗದು ಧೋತರದ ಅಂಚಿಗೆ ಒರಸಿಕೊಂಡರು,
ಅಚ್ಚಿಗೆ ಬಿಟ್ಟರು. ನೋಡಿದ್ದರೋ ಇಲ್ಲೋ,
ಕೇಳೂ ಧೈರ್ಯ ನನಗಿರಲಿಲ್ಲ.

ತಿಂಗಳ ಮ್ಯಾಲ ಧಾರವಾಡದಿಂದ ಸಿಟ್ಟಿನ ಕಾಗದ ಬಂತು.
ಮಾಲಕರು ಒಂದು ಚೀಟಿ ಮಾಡಿಸಿದರು, ಎರಡು ಕಾಲಂ:
ತಪ್ಪು: ಬಿಟ್ಟಳ್.
ಒಪ್ಪು: ಬಿಟ್ಟಂ.
ಆ ಚೀಟಿ ಜೋಡಿಸಿದಾಕಿನೂ ನಾನಽ,
ಒಂದೂ ತಪ್ಪಿಲ್ಲಧಂಗ.

ನಾ ಬಿಡಲಿಲ್ಲ.
ದಸ್ತಗೀರ ಆಫ್‌ಸೆಟ್ ಕಲಿಯಾಕ ಹುಬ್ಬಳ್ಳಿಗೆ ಹೋದ,
ಹೋಗೂ ದಿನ ನಾಕು ಮೊಳಿ ಅವವುಗಳ ಖಾನೆಗೆ
ತಾನಽ ಹಾಕಿ ಹೋದ.
ಗಂಡ ತೀರಿದ ವರ್ಷ ಅವನ ಶ್ರದ್ಧಾಂಜಲಿನೂ ಜೋಡಿಸಿದೆ,
'ಪ್ರೀತಿಯ' ಅನ್ನೂದಕ್ಕ ಮೊಳಿ ಕಮ್ಮಿ ಬೀಳಲಿಲ್ಲ.
ಪ್ರೆಸ್ಸು ಮುಚ್ಚಿದಾಗ ಅವನ್ನೆಲ್ಲಾ ಕಿಲೋ ಲೆಕ್ಕದಾಗ ತೂಗಿದರು,
ಗುಜರಿ ತಕ್ಕಡಿಗೆ ಬಿಟ್ಟಂ ಏನು, ಬಿಟ್ಟಳ್ ಏನು.

ಮುನ್ನೂರು ಪ್ರತಿ ಹಾವೇರಿ, ರೋಣ, ಬ್ಯಾಡಗಿ ತನಕ ಹೋಗ್ಯಾವು.
ಎಲ್ಲಾದಕ್ಕೂ ಚೀಟಿ ಹಚ್ಚೇವಿ, ಅಂತ
ಮಾಲಕರು ಧಾರವಾಡಕ್ಕ ಬರದರು.
ಹಚ್ಚಿದ್ದು ಖರೆ.
ಗೋಂದು ಕಲಸಿದಾಕಿ ನಾನು,
ನೀರು ಜಾಸ್ತಿ ಹಾಕಿದ್ದೆ.