ಇಪ್ಪತ್ಮೂರನೇ ಕಂತು

ಬನಹಟ್ಟಿಯೊಳಗ ಕರೆಂಟು ಹೋತಂದ್ರ
ಮೊದಲು ಕೇಳಸೂದು ನಮ್ಮ ನಮ್ಮ ಕಿವಿ.
ಓಣಿಯ ಮಗ್ಗ ಎಲ್ಲಾ ಒಮ್ಮೆಗೇ ಬಾಯಿ ಮುಚ್ಚಿ
ಗುಂಯ್ ಅನ್ನೂ ಒಂದು ಖಾಲಿ.
ಆ ಖಾಲಿಯೊಳಗ ಕೂತು ಬರೀತೀನಿ ನಾನು,
ಬೀಮಿನ ಲೆಕ್ಕದ ವಹಿ ಬದಿಗೆ ಸರಿಸಿ,
ಮೊಬೈಲಿನ ಮ್ಯಾಲ, ಹೆಬ್ಬೆರಳಿಲೆ.

ನೇಯ್ಗಿಗೆ ಹೋಲಿಸಬ್ಯಾಡ್ರಿ, ಕೈ ಮುಗೀತೀನಿ.
ಹಾಸು ಹೊಕ್ಕು ಅಂದು ಅಂದು ಎಲ್ಲಾರೂ ಸವೆಸ್ಯಾರ.
ಸೀರಿ ಆರು ವಾರಕ್ಕ ಮುಗೀತೈತಿ.
ನನ್ನ ಹೌಸವ್ವಗ ಇಪ್ಪತ್ಮೂರು ವಾರ ಆತು,
ಇನ್ನೂ ಸೆರಗು ಕಂಡಿಲ್ಲ.

ಮೊದಲ ಮೂರು ಕಂತು ಪುಕ್ಕಟ. ನಾಲ್ಕನೇದಕ್ಕ ಕೀಲಿ.
ತಿಂಗಳಿಗೆ ಮೂವತ್ತೊಂಬತ್ತು ರೂಪಾಯಿ ಚಂದಾ.
‘ಕತಿಗೆ ಕೀಲಿ ಹಾಕ್ತಾರನ ಯಾರರ?’ ಅಂದ್ಳು ಅತ್ತಿ,
‘ನಮ್ಮ ಕಾಲಕ್ಕ ಹೂಂ ಅಂದ್ರ ಸಾಕಿತ್ತು.
ಹೂಂ ನಿಂತ್ರ ಕತಿ ನಿಂತಂಗ.’
ಹೌದು ಅತ್ತಿ. ಈಗ ರೊಕ್ಕ ಬರ್ತೈತಿ,
ಹೂಂ ಬರೂದಿಲ್ಲ.

ಇನ್ನೂರಾ ಹನ್ನೆರಡು ಮಂದಿ.
ತೇರದಾಳದ ಔಷಧಿ ಅಂಗಡಿಯಾಂವ ಒಬ್ಬ,
ಮಹಾಲಿಂಗಪುರದ ಬೆಲ್ಲದ ಪೇಟಿಯಿಂದ ಒಬ್ಬಾಕಿ,
ಹೆಸರಿಲ್ಲದ, ಬರೇ ಗುಲಾಬಿ ಚಿತ್ರದಾಕಿ ಇನ್ನೊಬ್ಬಾಕಿ.
ತಿಂಗಳ ಕಡಿಗೆ ನಾಲ್ಕು ಮಂದಿ ಜಾರ್ತಾರ, ಆರು ಮಂದಿ ಬರ್ತಾರ.
ಕಂಪನಿಯವರು ತಮ್ಮ ಪಾಲು ಮುರಕೊಂಡು
ಹತ್ತನೇ ತಾರೀಖಿಗೆ ಹಾಕ್ತಾರ,
ಹನ್ನೊಂದಕ್ಕ ಸಂಘದ ಸಾಲ ಒಯ್ತೈತಿ.
ಕಂತಿನ ರೊಕ್ಕ ಕಂತಿಗೆ.

ಹೋದ ಶುಕ್ರವಾರ
ಕಂಡಿಕಿ ಸುತ್ತೂ ಶೆಡ್ಡಿಗೆ ಲೆಕ್ಕ ಬರಕೊಳ್ಳಾಕ ಹೋಗಿದ್ದೆ.
ಕರೆಂಟು ಇರಲಿಲ್ಲ. ಬಾಗಲದಾಗ ಕಾಲು ನಿಂತು.
ಒಳಗ ಮುರಿಗೆಪ್ಪ ಓದಾಕತ್ತಿದ್ದ, ಡಬ್ಬಿಯ ಮ್ಯಾಲ ಕೂತು,
ನನ್ನದನ್ನ!
ಒಂದು ಚಂದಾ, ಸುತ್ತಲೂ ಹನ್ನೊಂದು ಹೆಣ್ಮಕ್ಕಳು.
ಸುಳ್ಳ್ಯಾಕ ಹೇಳಲಿ, ಮನಸಿನ್ಯಾಗ ಗುಣಿಸಿದೆ:
ನಾಕನೂರಾ ಇಪ್ಪತ್ತೊಂಬತ್ತು.
ಆಮ್ಯಾಲ ಕೇಳಿಸ್ತು.
‘ಹೂಂ’ ಅಂದ್ಳು ಅಂಬವ್ವ.
‘ಹೂಂ, ಮುಂದ?’ ಅಂದ್ಳು ದಿಲ್‌ಶಾದ್.
ಲೆಕ್ಕ ಮರತುಹೋತು.

ಇಪ್ಪತ್ತೆರಡನೇ ಕಂತು ಅದು.
ಗಂಡನ ಕಿಸೆದಾಗಿನ ಚೀಟಿ ಹಿಡಕೊಂಡು
ಹೌಸವ್ವ ಒಂದು ಮಾತು ಕೇಳ್ತಾಳ.
ಆಂವ ಕಪಾಳಕ್ಕ ಹೊಡೀತಾನ.
ಎಂಟು ಸಾಲು. ಎರಡು ರಾತ್ರಿ ತಿದ್ದಿದ ಎಂಟು ಸಾಲು,
ಒಂದು ಬಳಿ ಸದ್ದು ಹೆಚ್ಚಾತನ, ಕಡಿಮಿ ಆತನ ಅಂತ.

ಮುರಿಗೆಪ್ಪ ಅಲ್ಲಿಗೆ ಬಂದ.
ಉಸಿರು ತಗೊಂಡ. ಹೆಬ್ಬೆರಳು ಮ್ಯಾಲ ಸರಿಸಿದ.
‘ಆಮ್ಯಾಲ ಆಂವ ಎದ್ದು ಹೊರಗ ಹೋದ’ ಅಂದ.
‘ಚಲೋ ಆತ ಬಿಡು’ ಅಂದ್ಳು ಕಸ್ತೂರಿ, ‘ಕೈ ಎತ್ತಲಿಲ್ಲ.’
ಅಂಬವ್ವ ಏನೂ ಅನ್ನಲಿಲ್ಲ,
ಎಡಗಿವಿ ಹತ್ರ ಸೆರಗು ಮುಂದ ಎಳಕೊಂಡ್ಳು.
ಮುರಿಗೆಪ್ಪ ಆಕಿ ಕಡೆ ನೋಡಲಿಲ್ಲ.
ನೋಡದಂಗ ಓದಿದ.

ಲೆಕ್ಕ ಬರಕೊಳ್ಳದ ಹೊಳ್ಳಿ ಬಂದೆ.
ದಾರಿ ತುಂಬ ಬೈದೆ ಅವನ್ನ:
ನನ್ನ ಎಂಟು ಸಾಲು ನುಂಗಾಕ ನೀ ಯಾಂವ?
ರೊಕ್ಕ ಕೊಟ್ಟಾಂವಗ ಓದೂ ಹಕ್ಕೈತಿ, ಒಪ್ಪಿದೆ.
ಬಿಡೂ ಹಕ್ಕು?
ಮನಿ ಮುಟ್ಟೂದ್ರೊಳಗ ಸಿಟ್ಟು ಅರ್ಧ ಆತು,
ಉಳಿದರ್ಧ ಏನಂತ ಹೆಸರಿಡಬೇಕೋ ತಿಳೀಲಿಲ್ಲ.
ಆ ಎಂಟು ಸಾಲಿಗೆ ನಾ ಬರೇ ಬಳಿ ಸದ್ದು ಹುಡಕಿದ್ದೆ.

ಇವತ್ತು ಗುರುವಾರ.
ಮಗ್ಗ ನಿಂತಾವ, ನೆಟ್‌ವರ್ಕು ಒಂದೇ ಕಡ್ಡಿ.
ಕೈ ಎತ್ತಿ, ಕಿಡಕಿಗೆ ಹಿಡದು, ಕಳಸೀನಿ.
ಮುಂಜಾನೆ ಹೌಸವ್ವ ನಳಕ್ಕ ಹೋಗ್ಯಾಳ,
ಬಾಜೂ ಮನಿಯಾಕಿ ಕೊಡ ಇಟ್ಟು ಕೇಳ್ತಾಳ:
‘ಯವ್ವಾ, ಗಲ್ಲಕ್ಕ ಏನಾತ?’

ಅಲ್ಲಿಗೇ ನಿಲ್ಲಸೀನಿ.
ನಾಳೆ ಇದನ್ನ ಹೆಂಗ ದಾಟ್ತಾನ ಮುರಿಗೆಪ್ಪ?
ಮುಂದಿನ ಮಾತು ನಾನೂ ಬರದಿಲ್ಲ.
ಶೆಡ್ಡಿನ ಬಾಗಲದಾಗ ನಿಂತು ಕೇಳಬೇಕು,
ಹನ್ನೊಂದರೊಳಗ
ಹೂಂ ಅನ್ನದ ಒಂದು ದನಿಯನ್ನ.